ಹನ್ನೊಂದು ಮುಳ್ಳು

ತಂಡದ ಗುರುತನ್ನು ಬಳಸುತ್ತಿದ್ದ ನಲವತ್ಮೂರು ಜನಕ್ಕೆ ವಕೀಲರ ನೋಟಿಸು ಹೋಗಿತ್ತು. ಉತ್ತರ ಬಂದದ್ದು ಆರು. ವಿಲ್ದಾನ್ ಅವನ್ನು ಡ್ರಮ್ಮಿನ ಮೇಲೆ ಹರಡಿಕೊಂಡು ಒಂದೊಂದಾಗಿ ಓದಿ ನಗಿಸುತ್ತಿದ್ದ.

ಉಜುಂಗ್‌ಬೆರುಂಗ್‌ನ ಆ ಅಭ್ಯಾಸದ ಕೋಣೆ ರೆಂಗಾನಿಸಳ ಅಜ್ಜಿಯದು. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಮೊಟ್ಟೆಯ ರಟ್ಟು ಹೊಡೆದಿದ್ದರು. ಆದರೂ ಹೋಗುತ್ತಿತ್ತು. ಎದುರುಮನೆಯವರು ಮೊದಲು ಬೈದರು, ಆಮೇಲೆ ರೂಢಿ ಮಾಡಿಕೊಂಡರು. ವಿಲ್ದಾನ್ ಗಿಟಾರು, ಉಸೆಪ್ ಡ್ರಮ್ಮು, ರೆಂಗಾನಿಸ್ ಹಾಡು. ಹಾಡು ಎಂದರೆ ಹೊಟ್ಟೆಯ ಆಳದಿಂದ ಎಳೆದು ತೆಗೆಯುವ ಗರ್ಜನೆ. ಐದಡಿ ಇಲ್ಲದ ಹೆಣ್ಣಿನಿಂದ ಅದು ಬರುತ್ತಿದೆಯೆಂದು ನಂಬದೆ, ಮೊದಲ ಸಲ ಕೇಳಿದವರು ವೇದಿಕೆಯ ಹಿಂದೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಇಣುಕುತ್ತಿದ್ದರು.

"ಇವನದನ್ನ ಕೇಳಿ," ಎಂದ ವಿಲ್ದಾನ್. "'ಕಾಂಗ್, ಅಣ್ಣಾ, ನಾನೂ ನಿಮ್ಮ ಅಭಿಮಾನಿ. ನಲವತ್ತೇ ನಲವತ್ತು ಟೀ ಶರ್ಟ್ ಹೊಡೆಸಿದ್ದು. ಮಾರಿಲ್ಲ, ನನ್ನ ತಮ್ಮಂದಿರು ಹಾಕ್ಕೊಂಡು ಓಡಾಡ್ತಿದಾರೆ.' ನಲವತ್ತು ಜನ ತಮ್ಮಂದಿರು! ಇವರಮ್ಮನಿಗೆ ನಾವೇ ಸನ್ಮಾನ ಮಾಡ್ಬೇಕು."

ಉಸೆಪ್ ಬಾಯಲ್ಲಿದ್ದ ಪಕೋಡ ಉಗುಳುವಷ್ಟು ನಕ್ಕ. ರೆಂಗಾನಿಸಳೂ ನಕ್ಕಳು.

ಆರನೆಯದು ಲಕೋಟೆಯಲ್ಲ, ಪೊಟ್ಟಣ. ವಿಲ್ದಾನ್ ಕೈಯಲ್ಲಿ ತೂಗಿ ನೋಡಿದ. "ಯಾರೋ ಸಿಟ್ಟಿಗೆ ಇಟ್ಟಿಗೆ ಕಳಿಸಿದಾರೆ." ಒಳಗೆ ಹಳೆಯ ಬಟ್ಟೆಯಲ್ಲಿ ಸುತ್ತಿದ್ದ ಗಟ್ಟಿಯಾದದ್ದೇನೋ ಒಂದು, ಮಡಿಸಿದ ಹಾಳೆ ಒಂದು. ಹಾಳೆಯ ಕೊನೆಯಲ್ಲಿ, ಕರಾರುಪತ್ರಕ್ಕೆಲ್ಲ ಅಂಟಿಸುವ ಹತ್ತು ಸಾವಿರ ರೂಪಿಯಾದ ಸ್ಟಾಂಪು. ಸಹಿ ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕಾಗದದ ಮೇಲೆ, ನಿಯಮದಂತೆ. ವಿಲ್ದಾನ್ ಗಂಟಲು ಸರಿಮಾಡಿಕೊಂಡು ಕಚೇರಿಯವರ ಧಾಟಿಯಲ್ಲಿ ಶುರುಮಾಡಿದ.

"'ಈ ಕೆಳಗೆ ಸಹಿ ಮಾಡಿರುವ ನಾನು, ಸುಹಾಯ, ವಯಸ್ಸು ಎಪ್ಪತ್ನಾಲ್ಕು, ಗಾರುತ್ ಜಿಲ್ಲೆಯ ಸಮಾರಂಗ್ ನಿವಾಸಿ...'"

ಅಲ್ಲಿಗೆ ಅವನ ಧಾಟಿ ಬಿಟ್ಟುಹೋಯಿತು. ಮುಂದಿನದನ್ನು ಬರೀ ಓದಿದ.

"'ಜೋಡಿ ಮುಳ್ಳುಹಂದಿ ಎಂಬ ಹೆಸರನ್ನೂ ಚಿತ್ರವನ್ನೂ ನಲವತ್ತೊಂದು ವರ್ಷಗಳಿಂದ ಹಕ್ಕಿಲ್ಲದೆ ಬಳಸಿರುತ್ತೇನೆ. ಇದರ ಒಡತಿಯಾದ ಶ್ರೀಮತಿ ರೆಂಗಾನಿಸ್ ಅವರಲ್ಲಿ ಕ್ಷಮೆ ಕೋರುತ್ತೇನೆ. ಇನ್ನು ಮುಂದೆ ಬಳಸುವುದಿಲ್ಲ. ಅಚ್ಚನ್ನು ಇದರೊಂದಿಗೆ ಒಪ್ಪಿಸಿದ್ದೇನೆ.'"

ಉಸೆಪ್ ಕೈಯಲ್ಲಿದ್ದ ಕೋಲುಗಳನ್ನು ಸದ್ದಾಗದಂತೆ ಕೆಳಗಿಟ್ಟ. ರೆಂಗಾನಿಸ್ ಬಟ್ಟೆ ಬಿಚ್ಚಿದಳು. ಅಂಗೈಯಗಲದ ಸತುವಿನ ಅಚ್ಚು. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಮುಳ್ಳುಹಂದಿ, ಸುತ್ತ ಲವಂಗದ ರೆಂಬೆ. ಅಂಚೆಲ್ಲ ಸವೆದಿತ್ತು. ಕಳಿಸುವ ಮೊದಲು ಯಾರೋ ತೊಳೆದಿದ್ದರು. ಗೆರೆಗಳ ಸಂದಿಯಲ್ಲಿ ಒಂದು ಚೂರೂ ಶಾಯಿ ಇರಲಿಲ್ಲ.

"ಅಬಾಹ್‌ಗೂ ನೋಟಿಸ್ ಕಳಿಸಿದ್ವಾ?" ಎಂದ ಉಸೆಪ್. ಅಜ್ಜನನ್ನು ಕರೆದಂತೆ ಅವರೆಲ್ಲ ಸುಹಾಯನನ್ನು ಅಬಾಹ್ ಎನ್ನುತ್ತಿದ್ದರು.

"ಪಟ್ಟಿ ನಾನೆಲ್ಲಿ ಮಾಡಿದ್ದು!" ಎಂದ ವಿಲ್ದಾನ್. "ಆ ಗುರುತು ಯಾರ್‍ಯಾರು ಬಳಸ್ತಿದಾರೋ ಅವರನ್ನೆಲ್ಲ ಕಂಪ್ಯೂಟರ್ ಹುಡುಕಿ ಕೊಡ್ತು. ವಕೀಲರ ಆಫೀಸಿನವರು ವಿಳಾಸ ತುಂಬಿದ್ರು. ಗಾನಿಸ್ ಸಹಿ ಹಾಕಿದ್ಲು."

ಹಾಕಿದ್ದಳು. ನಲವತ್ಮೂರು ಸಹಿ, ಒಂದೇ ಕೂತಲ್ಲಿ, ಐಸ್ ಹಾಕಿದ ಚಹಾ ಕುಡಿಯುತ್ತ.

ಆರು ವರ್ಷದ ಹಿಂದೆ ವಾದ್ಯತಂಡಕ್ಕೆ ಹೆಸರು ಹುಡುಕುತ್ತಿದ್ದಾಗ ಇದೇ ಕೋಣೆಯ ಕಿಟಕಿಯಲ್ಲಿ ಅಜ್ಜಿಯ ನೋವಿನೆಣ್ಣೆಯ ಸೀಸೆ ಇತ್ತು. ಲಾವಂಚ, ಲವಂಗ, ಕರ್ಪೂರ ಕಾಯಿಸಿ ಮಾಡಿದ ಎಣ್ಣೆ. ಜ್ವರ ಬಂದಾಗ ಅಜ್ಜಿ ಅದನ್ನು ಬೆನ್ನಿಗೆ ಹಚ್ಚಿ, ನಾಣ್ಯದಿಂದ ಕೆಂಪು ಗೆರೆ ಏಳುವ ತನಕ ಕೆರೆಯುತ್ತಿದ್ದಳು. ಸೀಸೆಯ ಮೇಲೆ ಜೋಡಿ ಮುಳ್ಳುಹಂದಿ. ಊರಿನ ಅರ್ಧಕ್ಕರ್ಧ ತಂಡಗಳು ಹೀಗೇ ಯಾವುದೋ ಬಿಸ್ಕತ್ತಿನದೋ ಬೆಂಕಿಪೊಟ್ಟಣದ್ದೋ ಹೆಸರು, ಚಿತ್ರ ಎತ್ತಿಕೊಂಡಿದ್ದವು. ಅದು ಕಳ್ಳತನ ಎಂದು ಯಾರಿಗೂ ಅನ್ನಿಸಿರಲಿಲ್ಲ. ತಮಾಷೆ ಅನ್ನಿಸಿತ್ತು. ರೆಂಗಾನಿಸ್ ಚಿತ್ರ ಬರೆದಳು, ಅಂಗಿಯ ಮೇಲೆ ಹೊಡೆಸಿದರು.

ಎರಡನೆಯ ವರ್ಷ ಮೈದಾನದ ಸಂಗೀತ ಕಾರ್ಯಕ್ರಮವೊಂದಕ್ಕೆ ಸರೋಂಗು ಉಟ್ಟು ಕರಿಟೋಪಿ ಹಾಕಿದ ಮುದುಕನೊಬ್ಬ ಬಂದು, ಕೊನೆಯ ತನಕ ಕಿವಿ ಮುಚ್ಚಿಕೊಂಡು ನಿಂತಿದ್ದ. ಮುಗಿದ ಮೇಲೆ ವೇದಿಕೆಯ ಹಿಂದೆ ಬಂದು, ಎಣ್ಣೆಯ ಕಂಪನಿ ತನ್ನದು ಎಂದ. ಬೈಗುಳಕ್ಕೆ ಸಿದ್ಧರಾಗಿ ಮೂವರೂ ತಲೆತಗ್ಗಿಸಿದರು.

"ನನ್ನ ಮುಳ್ಳುಹಂದಿಗೆ ಬೆನ್ನ ಮೇಲೆ ಹನ್ನೊಂದು ಮುಳ್ಳು," ಎಂದ ಅಬಾಹ್ ಸುಹಾಯ. "ನೀವು ಹದಿಮೂರು ಬರ್ದಿದೀರಿ. ಯಾರು ಬರ್ದಿದ್ದು?"

"ನಾನು, ಅಬಾಹ್."

"ನೀನಾ ನೆಂಗ್?" ಮನೆಯ ಹುಡುಗಿಯನ್ನು ಕರೆದಂತೆ ಕರೆದ. "ಅರಚಿದವಳೂ ನೀನೇ ಅಲ್ವಾ? ಹನ್ನೊಂದು ಬರಿ, ತಾಯಿ. ಹೆಚ್ಚಾದ್ರೆ ಅದು ನಮ್ಮದಲ್ಲ ಅನ್ಸುತ್ತೆ."

ತಂದಿದ್ದ ಎರಡು ಪೆಟ್ಟಿಗೆ ಎಣ್ಣೆಯನ್ನು ಇಳಿಸಿ ಹೋದ. ತಲೆ ಕೊಡವಿ ಕೊಡವಿ ಕುತ್ತಿಗೆ ಉಳುಕಿಸಿಕೊಂಡ ಹುಡುಗರು ಸಾಲುಗಟ್ಟಿ ಹಚ್ಚಿಕೊಂಡರು. ಅಂದಿನಿಂದ ತಂಡದ ಕಾರ್ಯಕ್ರಮ ಎಲ್ಲಿದ್ದರೂ ಮೈದಾನ ಲಾವಂಚದ ವಾಸನೆ ಹೊಡೆಯುತ್ತಿತ್ತು. ಅಬಾಹ್ ಕಳಿಸಿದ ಎಣ್ಣೆಯನ್ನೇ ಪುಟ್ಟ ಡಬ್ಬಿಗಳಲ್ಲಿ ತುಂಬಿ ತಂಡದ ಹೆಸರಿನಲ್ಲಿ ಮಾರತೊಡಗಿದರು. ಅದಕ್ಕೂ ಅವನು ನಕ್ಕಿದ್ದ. ರೆಂಗಾನಿಸ್ ಚಿತ್ರ ತಿದ್ದಿ ಹನ್ನೊಂದು ಮುಳ್ಳು ಮಾಡಿದಳು. ಈಗ ಅವೆರಡು ಚಿತ್ರಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಕಳೆದ ವರ್ಷ ನಕಲಿ ಅಂಗಿಗಳು ವಿಪರೀತವಾದವು. ಟ್ರೇಡ್‌ಮಾರ್ಕ್ ಮಾಡಿಸೋಣ ಎಂದ ವಿಲ್ದಾನ್. ಯಾರು ಮೊದಲು ನೋಂದಾಯಿಸುತ್ತಾರೋ ಅವರದೇ ಹಕ್ಕು, ಇಲ್ಲಿಯ ಕಾನೂನು ಅದು. ಚಿತ್ರ ಬರೆದವಳು ಎಂದು ಅರ್ಜಿ ರೆಂಗಾನಿಸಳ ಹೆಸರಲ್ಲಿ ಹೋಯಿತು. ಯಾವ ಯಾವ ಸರಕಿಗೆ ಗುರುತು ಬೇಕು ಎಂಬ ಪಟ್ಟಿಯನ್ನು ವಿಲ್ದಾನ್ ತುಂಬಿ ತಂದಿದ್ದ. ಅಂಗಿ. ಟೋಪಿ. ಸಂಗೀತ. ಡಬ್ಬಿ ಮಾರುತ್ತಿದ್ದರಲ್ಲ, ಅದಕ್ಕೆಂದು ಕೊನೆಯಲ್ಲಿ ಇನ್ನೊಂದು ಸಾಲು: ಉಜ್ಜುವ ಎಣ್ಣೆ.

ವಿಲ್ದಾನ್ ಯೋಚಿಸಿರಲಿಲ್ಲ. ರೆಂಗಾನಿಸ್ ಯೋಚಿಸಿದ್ದಳು. ಆ ಸಾಲಿನ ಮೇಲೆ ಅವಳ ಕಣ್ಣು ನಿಂತಿತ್ತು. ಅಬಾಹ್ ನೆನಪಾಗಿದ್ದ. ಅವನನ್ನು ಕೇಳಲು ಹೋದರೆ ಅರ್ಜಿ ಇನ್ನೂ ಒಂದು ತಿಂಗಳು ತಡವಾಗುತ್ತದೆ. ಅವನ ನೋಂದಣಿ ಇದ್ದೇ ಇರುತ್ತದೆ, ನೋಂದಣಿ ಕಚೇರಿಯವರೇ ಈ ಸಾಲನ್ನು ಹೊಡೆದುಹಾಕುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ಸಹಿ ಹಾಕಿದಳು. ಕಚೇರಿಯವರು ಹೊಡೆದುಹಾಕಲಿಲ್ಲ. ಅಬಾಹ್‌ನ ನೋಂದಣಿಯ ಅವಧಿ ಮುಗಿದುಹೋಗಿತ್ತು. ಹತ್ತು ವರ್ಷಕ್ಕೊಮ್ಮೆ ಆ ಕಾಗದ ಹೊಸದು ಮಾಡಿಸುತ್ತಿದ್ದವಳು ಅವನ ಹೆಂಡತಿ. ಅವಳು ಸತ್ತ ಮೇಲೆ ಕಾಗದಪತ್ರದ ಕಪಾಟನ್ನು ಯಾರೂ ತೆರೆದಿರಲಿಲ್ಲ.

ಪ್ರಮಾಣಪತ್ರ ಬಂದ ದಿನ ಮೂವರೂ ಅದನ್ನು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡಿದ್ದರು.

"ಫೋನ್ ಮಾಡಿ ಹೇಳಿಬಿಡು," ಎಂದ ವಿಲ್ದಾನ್ ಈಗ. "ಕಂಪ್ಯೂಟರ್ ತಪ್ಪು ಅಂತ. ಇಲ್ಲಾಂದ್ರೆ ಒಂದು ಕೆಲಸ ಮಾಡೋಣ. ಎಲ್ಲರೂ ಹೋಗಿ ಅವರ ಕಾಲು ಹಿಡಿಯೋದನ್ನ ವಿಡಿಯೋ ಮಾಡಿ ಹಾಕೋಣ. ಜನ ಕಣ್ಣೀರು ಹಾಕ್ತಾರೆ."

ಅದು ಚೆನ್ನಾಗಿ ಕಾಣುತ್ತದೆ ಎಂದು ರೆಂಗಾನಿಸಳಿಗೆ ಒಂದು ಕ್ಷಣ ಅನ್ನಿಸಿತು. ಅನ್ನಿಸಿದ್ದು ಗೊತ್ತಾಗಿ ಮುಖ ಸುಟ್ಟಂತಾಯಿತು. ಅಚ್ಚನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು.

"ನಾನೊಬ್ಬಳೇ ಹೋಗ್ತೀನಿ," ಎಂದಳು.

ಮರುದಿನ ಬೆಳಿಗ್ಗೆ ಝೆರಾಕ್ಸ್ ಅಂಗಡಿಯಲ್ಲಿ ಎರಡು ಸ್ಟಾಂಪು ಕೊಂಡಳು. ಗುರುತಿನ ಹಕ್ಕನ್ನು ಸುಹಾಯನಿಗೆ ವರ್ಗಾಯಿಸುವ ಅರ್ಜಿಯನ್ನು ಅಲ್ಲೇ ಮುದ್ರಿಸಿಕೊಂಡು ಒಂದು ಸ್ಟಾಂಪು ಅಂಟಿಸಿದಳು. ಇನ್ನೊಂದು ಹಾಳೆಯಲ್ಲಿ ಕೈಯಾರೆ ಬರೆದಳು. ಈ ಕೆಳಗೆ ಸಹಿ ಮಾಡಿರುವ ನಾನು, ರೆಂಗಾನಿಸ್, ವಯಸ್ಸು ಇಪ್ಪತ್ತೇಳು. ಅಬಾಹ್ ಬರೆದಂತೆಯೇ. ಮೂರನೆಯ ಸಾಲಿಗೆ ಬಂದಾಗ ಲೇಖನಿ ನಿಂತಿತು. ಅಂಗಡಿಯವನು ಹಿಂದಿನ ಗಿರಾಕಿಗೆ ಜಾಗ ಬಿಡಿ ಎಂದ. 'ತಿಳಿಯದೆ' ಎಂದು ಬರೆದಳು. ತಿಳಿಯದೆ ನೋಂದಾಯಿಸಿರುತ್ತೇನೆ. ಸ್ಟಾಂಪಿನ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಸಹಿ ಹಾಕಿದಳು.

ನಾಗ್ರೆಗ್‌ನ ತಿರುವುಗಳಲ್ಲಿ ಲಾರಿಗಳ ಹಿಂದೆ ತೆವಳಿ, ಮಧ್ಯಾಹ್ನದ ಹೊತ್ತಿಗೆ ಸಮಾರಂಗ್ ಮುಟ್ಟಿದಳು. ಎಣ್ಣೆ ಕಾಯಿಸುವ ಕಡೆ ಊರು ಸಿಗುವ ಮೊದಲೇ ವಾಸನೆ ಸಿಗುತ್ತದೆ. ಅಂಗಳದಲ್ಲಿ ಲಾವಂಚದ ಬೇರು ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ಒಲೆಯ ಬಾಯಲ್ಲಿ ಕೆಲಸದವನೊಬ್ಬ ಕಾಗದದ ಕಟ್ಟು ಬಿಚ್ಚಿ ಉರಿಗೆ ಹಾಕುತ್ತಿದ್ದ. ಹಳೆಯ ಲೇಬಲ್ಲುಗಳು. ಹಾಳೆ ಮುದುಡುವಾಗ ಮುಳ್ಳುಹಂದಿಗಳು ಒಂದರ ಹಿಂದೊಂದು ಕಪ್ಪಾಗುತ್ತಿದ್ದವು.

ಸೀಸೆ ತುಂಬುವ ಮನೆಯಲ್ಲಿ ಎಂಟು ಹೆಂಗಸರು ಚಾಪೆಯ ಮೇಲೆ ಕೂತು ಸೀಸೆಗಳಿಗೆ ಬಿಳಿ ಚೀಟಿ ಅಂಟಿಸುತ್ತಿದ್ದರು. ಚೀಟಿಯ ಮೇಲೆ 'ಉಜ್ಜುವ ಎಣ್ಣೆ' ಎಂದಷ್ಟೇ ಇತ್ತು. ಅವರಲ್ಲಿ ಹಿರಿಯಳಾದ, ಎಲ್ಲರೂ ತೇಹ್ ಅಂದರೆ ಅಕ್ಕ ಎನ್ನುವ ಓನಿಹ್ ತಲೆಯೆತ್ತಿ ನೋಡಿ, ಪಕ್ಕದವಳಿಗೆ ಮೊಣಕೈಯಿಂದ ತಿವಿದಳು. ಪ್ರತಿ ಸಲ ಬಂದಾಗ "ಬಂದ್ಲು ನೋಡ್ರೇ ಗುಡುಗಮ್ಮ" ಎಂದು ಕೂಗಿ ಕೆನ್ನೆ ಹಿಂಡುತ್ತಿದ್ದವಳು, ಇವತ್ತು ಮತ್ತೆ ಅಂಟಿನ ಬಟ್ಟಲಿಗೆ ಬೆರಳದ್ದಿದಳು.

ಅಬಾಹ್ ಒಳಗಿನಿಂದ ಬಂದ. ಬಂದವನು ಬಾಗಿಲಲ್ಲೇ ನಿಂತು ಎರಡೂ ಕೈ ಜೋಡಿಸಿ ಬಾಗಿದ.

"ಬನ್ನಿ ಇಬು. ಹೇಳಿ ಕಳಿಸಿದ್ರೆ ನಾನೇ ಬರ್ತಿದ್ನಲ್ಲ. ಕೂತ್ಕೊಳ್ಳಿ."

ಇಬು. ಅಧಿಕಾರಿಗಳಿಗೆ, ಜಿಲ್ಲಾಧಿಕಾರಿಯ ಹೆಂಡತಿಗೆ ಅನ್ನುವ ಮಾತು. ನಾಲ್ಕು ವರ್ಷದಿಂದ ನೆಂಗ್, ನೀನು, ಬಾರೆ, ಹೋಗೆ ಎಂದಿದ್ದ ಬಾಯಲ್ಲಿ ಅದನ್ನು ಕೇಳಿ ಅವಳಿಗೆ ಕೂರುವುದಕ್ಕೂ ಆಗಲಿಲ್ಲ, ನಿಲ್ಲುವುದಕ್ಕೂ ಆಗಲಿಲ್ಲ. ಅವನು ವ್ಯಂಗ್ಯ ಮಾಡುತ್ತಿದ್ದರೆ ಒಳ್ಳೆಯದಿತ್ತು. ಅವನು ನಿಜವಾಗಿಯೂ ಹಾಗೆ ಅನ್ನುತ್ತಿದ್ದ.

"ಅಬಾಹ್, ಹಾಗನ್ಬೇಡಿ."

"ನೋಟಿಸಲ್ಲಿ ಹಾಗೇ ಇತ್ತು. ಒಡತಿ ಅಂತ." ತಾನೇ ಚಹಾ ಬಗ್ಗಿಸಿ ಕೊಟ್ಟ. "ಒಂದು ಅಂಗಡಿಯವರೂ ನಮ್ಮ ಎಣ್ಣೆ ಇಟ್ಕೊಳ್ತಿಲ್ಲ ಇಬು. ಫೋನಲ್ಲಿ ಮಾರೋ ಕಡೆನೂ ತೆಗೆದುಬಿಟ್ರು. ನೀವು ತಪ್ಪು ತಿಳೀಬೇಡಿ, ದೂರಲ್ಲ. ಹಳೇ ಸೀಸೆ ಎಲ್ಲಾದ್ರೂ ಕಂಡ್ರೆ ನಾನು ಕದ್ದು ಮಾರ್ತಿದೀನಿ ಅನ್ಕೋಬಾರ್ದು, ಅದಕ್ಕೆ ಹೇಳ್ದೆ."

ಅವನ ಹಿಂದಿನ ಗೋಡೆಯಲ್ಲಿ ಹೆಂಡತಿಯ ಫೋಟೋ ಇತ್ತು. ಅದರ ಪಕ್ಕ ಖಾಲಿ ಚೌಕ, ಸುತ್ತಲಿನ ಗೋಡೆಗಿಂತ ಬೆಳ್ಳಗೆ. ತಂಡದ ಪೋಸ್ಟರು ಇದ್ದ ಜಾಗ.

ಅವಳು ನೋಡಿದ್ದನ್ನು ಅವನೂ ನೋಡಿದ. "ಅದರ ಮೇಲೂ ಗುರುತಿತ್ತಲ್ಲ. ಅಪ್ಪಣೆ ಇಲ್ದೆ ಇಟ್ಕೋಬಾರ್ದು ಅನ್ನಿಸ್ತು. ಹರಿದಿಲ್ಲ, ಸುತ್ತಿ ಇಟ್ಟಿದೀನಿ."

ರೆಂಗಾನಿಸ್ ಚೀಲದಿಂದ ಅಚ್ಚನ್ನು ತೆಗೆದು ಮೇಜಿನ ಮೇಲಿಟ್ಟಳು. ವರ್ಗಾವಣೆಯ ಅರ್ಜಿ ಇಟ್ಟಳು. "ಹೆಸರು, ಚಿತ್ರ, ಎಲ್ಲ ನಿಮಗೇ ವಾಪಸ್. ನೀವು ಇಲ್ಲಿ ಸಹಿ ಹಾಕಿದ್ರೆ ಸಾಕು. ನಿಮ್ಮ ಕ್ಷಮಾಪಣೆ ಕಾಗದಾನ ಹರಿದು ಹಾಕ್ತೀನಿ."

"ಸ್ಟಾಂಪಿನ ಮೇಲೆ ಹಾಕಿದ ಸಹಿ ಹರಿಯೋಕೆ ಬರಲ್ಲ ಇಬು." ಅವನು ಅಚ್ಚನ್ನು ಮುಟ್ಟಲಿಲ್ಲ. "ಸರ್ಕಾರದ ಕಾಗದದಲ್ಲಿ ನಿಮ್ಮದು ಅಂತಿದೆ. ಅಂದ್ಮೇಲೆ ನಾನು ಬರ್ದಿದ್ದೂ ಸರಿನೇ. ನನ್ನವಳು ಹೋದ್ಮೇಲೆ ನಾನು ಕಪಾಟು ತೆಗೀಲಿಲ್ಲ. ಅವಳ ಅಕ್ಷರ ಇದೆ ಅದರೊಳಗೆ. ತಪ್ಪು ನಂದೇ."

"ನಿಮ್ಮದಲ್ಲ. ನಾನೂ ಬರ್ಕೊಂಡು ಬಂದಿದೀನಿ." ಕೈಬರಹದ ಹಾಳೆಯನ್ನು ಚಾಚಿದಳು.

ಅಬಾಹ್ ಅದನ್ನು ಬೆಳಕಿಗೆ ಹಿಡಿದ, ಹತ್ತಿರ ತಂದ, ದೂರ ಒಯ್ದ. "ಪೊರೆ ಬಂದಿದೆ ಕಣ್ಣಿಗೆ. ನನ್ನದನ್ನ ಇವರೆಲ್ಲರ ಮುಂದೆ ಓದಿಸಿನೇ ಸಹಿ ಹಾಕಿದ್ದು. ಅನ್ನ ಇವರದೂ ಅಲ್ವಾ. ನಿಮ್ಮದನ್ನೂ ಹಾಗೇ ಓದಿ."

ಹೆಂಗಸರು ಕೈ ಒರೆಸಿಕೊಂಡರು. ಒಲೆಯ ಹತ್ತಿರದವನೂ ಬಂದು ಬಾಗಿಲಿಗೆ ಒರಗಿದ. ಸಾವಿರಾರು ಜನರ ಎದುರು ನಿಂತು ಅಭ್ಯಾಸವಿದ್ದವಳು ಹತ್ತು ಜನರ ಎದುರು ನಿಂತು ಹಾಳೆ ಬಿಚ್ಚಿದಳು. ಓದಿದಳು. ಏನು ಓದಿದಳೋ ಅವಳಿಗೇ ಕೇಳಿಸಲಿಲ್ಲ. ಸಹಿಯ ತನಕ ಓದಿ ನಿಲ್ಲಿಸಿದಳು.

"ಏನಂದ್ಲು?" ಹಿಂದೆ ಕೂತ ಒಬ್ಬಳು ಕೇಳಿದಳು.

"ನನಗೇ ಕೇಳ್ಸಿಲ್ಲ, ನಿನಗೇನು ಹೇಳ್ಲಿ," ಎಂದಳು ತೇಹ್ ಓನಿಹ್. ಆಮೇಲೆ ರೆಂಗಾನಿಸಳ ಕಡೆ ತಿರುಗಿ, "ಸ್ಟೇಜ್ ಮೇಲೆ ಹುಲಿ ಥರ ಅರಚ್ತೀಯ, ಇಲ್ಲಿ ಬೆಕ್ಕಿನಮರಿ ಆದ್ಯಲ್ಲೇ! ನಮ್ಮ ಹೊಟ್ಟೆ ವಿಷಯ ಓದ್ತಿದೀಯ, ಜೋರಾಗಿ ಓದು."

ಯಾರೋ ಕಿಸಕ್ಕೆಂದರು. ಅಬಾಹ್ ನಗಲಿಲ್ಲ. "ಮೊದಲಿಂದ ಓದಿ ಇಬು," ಎಂದ.

ಅವಳು ಮೊದಲಿನಿಂದ ಶುರುಮಾಡಿದಳು. ಹೆಸರು, ವಯಸ್ಸು, ಊರು. ಈ ಸಲ ದನಿ ಬಂತು. "'ಸುಹಾಯ ಅವರಿಗೆ ಸೇರಿದ ಗುರುತನ್ನು ನಾನು ತಿಳಿಯದೆ...'"

ಅಲ್ಲಿ ನಿಂತಳು. ಒಲೆಯಲ್ಲಿ ಏನೋ ಸಿಡಿದ ಸದ್ದಾಯಿತು. ಎಲ್ಲರೂ ಮುಂದಿನ ಮಾತಿಗೆ ಕಾಯುತ್ತಿದ್ದರು. ಓದಿ ಮುಗಿಸಿದರೆ ಮುಗಿದುಹೋಗುತ್ತಿತ್ತು. ಅವನು ಸಹಿ ಹಾಕುತ್ತಿದ್ದ, ಚಹಾ ಕುಡಿದು ಹೊರಟುಬಿಡಬಹುದಿತ್ತು. ಅವನು ಜೀವವಿರುವ ತನಕ ತನ್ನ ಕಪಾಟಿನ ತಪ್ಪೆಂದೇ ನಂಬಿಕೊಂಡು ಇರುತ್ತಿದ್ದ.

"ಇದು ಸುಳ್ಳು," ಎಂದಳು.

"ಯಾವುದು?"

"ತಿಳಿಯದೆ ಅನ್ನೋದು. ಫಾರ್ಮಿನಲ್ಲಿ ಉಜ್ಜುವ ಎಣ್ಣೆ ಅಂತ ಬರ್ದಿತ್ತು. ವಿಲ್ದಾನ್ ಯೋಚ್ನೆ ಮಾಡ್ದೆ ತುಂಬಿದ್ದ. ನಾನು ನೋಡ್ದೆ. ಅಬಾಹ್ ನೆನಪಾದ್ರು. ಸುಮ್ಮನೆ ಸಹಿ ಹಾಕ್ದೆ."

"ಯಾಕೆ?" ಕೇಳಿದವಳು ಓನಿಹ್. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

ತಡವಾಗುತ್ತಿತ್ತು ಎಂದು ಹೇಳಲು ಹೊರಟವಳು, ಅದೂ ಪೂರ್ತಿ ನಿಜವಲ್ಲವೆಂದು ನುಂಗಿಕೊಂಡಳು. "ಎಲ್ಲಿ ಹೋದ್ರೂ ಜನ 'ಓ, ಆ ಎಣ್ಣೆ ಹೆಸರಿನವರು' ಅಂತಾರೆ. ಒಂದ್ಸಲನಾದ್ರೂ ಅದು ನಮ್ಮದೇ ಹೆಸರು ಆಗ್ಲಿ ಅನ್ನಿಸ್ತು."

ಯಾರಾದರೂ ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಅವಳು ಹಾಳೆಯನ್ನೇ ನೋಡುತ್ತ ನಿಂತಳು. ಹಣೆಯ ಬೆವರು ಸ್ಟಾಂಪಿನ ಮೇಲೆ ಬಿದ್ದು ಸಹಿಯ ಒಂದು ತುದಿ ಕದಡಿತು.

ಅಬಾಹ್ ಕುರ್ಚಿ ಹಿಡಿದುಕೊಂಡು ಕೂತ. ಹೆಂಡತಿಯ ಫೋಟೋದ ಕಡೆ ನೋಡಿದ. ಆಮೇಲೆ ಅಂಗಿಯ ಜೇಬು ತಡಕಿ ಲೇಖನಿ ತೆಗೆದ.

"ತಗೋ," ಎಂದ. "ಗೊತ್ತಿತ್ತು ಅಂತ ಬರಿ."

ತಗೋ. ಬರಿ. ಬಂದಾಗಿನಿಂದ ಅವಳು ಕಾದಿದ್ದು ಅದೊಂದು ಏಕವಚನಕ್ಕೆ. ಆದರೆ ಅದರಲ್ಲಿ ಮೊದಲಿನ ಅಕ್ಕರೆ ಇರಲಿಲ್ಲ. ಮನೆಯ ಮಕ್ಕಳು ಕದ್ದು ಸಿಕ್ಕಿಬಿದ್ದಾಗ ಹಿರಿಯರು ಮಾತಾಡುವ ರೀತಿ ಅದು.

"ಸ್ಟಾಂಪ್ ಹಾಕಿ ಆಗಿದೆ ಅಬಾಹ್. ತಿದ್ದಿದ್ರೆ ನಡೆಯಲ್ಲ."

"ನಡೆಯಲ್ಲ ಅಂದ್ರೆ ಹೊಸದು ಬರಿ. ಓನಿಹ್, ಅಂಗಡಿಯಿಂದ ಒಂದು ಸ್ಟಾಂಪ್ ತಗೊಂಡು ಬಾ." ವರ್ಗಾವಣೆಯ ಅರ್ಜಿಯನ್ನು ಮಡಿಸಿ ಮೇಜಿನ ಮೇಲಿಟ್ಟು, ಗಾಳಿಗೆ ಹಾರದಂತೆ ಅದರ ಮೇಲೆ ಸತುವಿನ ಅಚ್ಚನ್ನು ಇಟ್ಟ. ಇಟ್ಟ ಕೈಯನ್ನು ತಕ್ಷಣ ತೆಗೆಯಲಿಲ್ಲ. "ಇದಕ್ಕೆ ಆಮೇಲೆ ಸಹಿ ಹಾಕ್ತೀನಿ. ಮೊದಲು ಅದು ಆಗ್ಲಿ."

"ಒಲೆಗೆ ಹಾಕೋದು ನಿಲ್ಲಿಸ್ಲಾ, ಅಬಾಹ್?" ಬಾಗಿಲಲ್ಲಿದ್ದವನು ಕೇಳಿದ.

"ಎಷ್ಟು ಉಳಿದಿದೆ?"

"ಎರಡು ಕಟ್ಟು."

"ನಿಲ್ಲಿಸು."

ರೆಂಗಾನಿಸ್ ಚಾಪೆಯ ಮೇಲೆ ಹೆಂಗಸರ ನಡುವೆ ಕೂತಳು. ಪಕ್ಕದವಳು ಬಿಳಿ ಚೀಟಿಗಳನ್ನು ಸರಿಸಿ, ಬರೆಯಲು ಒಂದು ಪೆಟ್ಟಿಗೆಯನ್ನು ಬೋರಲು ಹಾಕಿ ಕೊಟ್ಟಳು. ಈ ಕೆಳಗೆ ಸಹಿ ಮಾಡಿರುವ ನಾನು ಎಂದು ಬರೆಯುವಷ್ಟರಲ್ಲಿ, ಅಂಗಡಿಗೆ ಹೊರಟಿದ್ದ ಓನಿಹ್ ಬಾಗಿಲಿನಿಂದ ಹಿಂತಿರುಗಿ ಬಂದು ಅವಳ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಅಕ್ಷರ ದೊಡ್ಡದಾಗಿ ಬರಿ," ಎಂದಳು. "ಅವರು ಇದನ್ನ ತಾವೇ ಓದ್ಕೋಬೇಕು."